ತಣ್ಣನೆ ಉಸುಕು

ಸೋಮವಾರ, ನಸುಕಿನ ಐದು.
ದಾವಣಗೆರೆಯ ಈ ಓಣಿಯಲ್ಲಿ ಮೊದಲು ಏಳುವುದು ಹೊಗೆ,
ಆಮೇಲೆ ಕೋಳಿ, ಆಮೇಲೆ ಬಾಂಗು,
ಎಲ್ಲ ಆದಮೇಲೆ ನಮ್ಮ ಮಾಲೀಕ.
ಭಟ್ಟಿಗೆ ಹೊಟ್ಟು ಸುರಿದಿದ್ದೇನೆ. ಬಾಣಲಿಯಲ್ಲಿ ಉಸುಕು ಕಾಯುತ್ತಿದೆ.
ನನ್ನ ಕಿವಿಯಲ್ಲಿ ಇನ್ನೂ ಕುಮಟಾ.

ನಗಬೇಡಿ, ನಾವು ಹೋದದ್ದು ಮಂಡಕ್ಕಿಯ ಮೇಲೆ ಕೂತು.
ಚಮನ್‌ಬೀಯ ತಮ್ಮ ಜಬಿವುಲ್ಲಾನ ಟೆಂಪೋ,
ನಲವತ್ತು ಚೀಲ, ಚೀಲದ ಮೇಲೆ ನಾಲ್ಕು ಹೆಂಗಸರು.
"ಮಾಲು ಹಗುರ, ಭಾರ ನೀವೇ" ಅಂದ.
ವಾರಕ್ಕೆ ಇಪ್ಪತ್ತರಂತೆ ಒಂದು ವರ್ಷ ಡಬ್ಬಿ ತುಂಬಿದ್ದೆವು,
ಡಬ್ಬಿ ಸೋಮ್ಲಿಬಾಯಿಯ ಮನೆಯಲ್ಲಿ, ಕೀಲಿ ಸಾಕಮ್ಮನ ತಾಳಿಯಲ್ಲಿ.
ಮನೆಗೆ ಒಬ್ಬಳು ಮದುವೆ ಅಂದಳು, ಒಬ್ಬಳು ಹರಕೆ ಅಂದಳು.
ನಾನು ನಿಜ ಹೇಳಿದೆ. ಯಾರೂ ನಂಬಲಿಲ್ಲ.

ಶನಿವಾರ ಬಟವಾಡೆ ಮುಗಿಸಿ ಹೊರಟು
ಹರಿಹರದ ಸೇತುವೆ ಮೇಲೆ ಹೊಳೆ ಕಂಡಾಗಲೇ
"ಇದೇ ಏನು?" ಅಂದಳು ಸಾಕಮ್ಮ.
ಶಿರಸಿ ದಾಟಿ ಘಟ್ಟ ಇಳಿಯುವಾಗ ಸೋಮ್ಲಿ ವಾಂತಿ ಮಾಡಿ
ಸಮುದ್ರಕ್ಕೆ ಬೈದಳು, ಇನ್ನೂ ನೋಡಿರದ ಸಮುದ್ರಕ್ಕೆ.

ಬೆಳಕು ಹರಿಯುವ ಮೊದಲೇ ಮುಟ್ಟಿದೆವು.
ಚಮನ್‌ಬೀ ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಟ್ಟವಳು
ಕೆಂಡ ತುಳಿದಂತೆ ಸರಕ್ಕನೆ ಕಾಲು ತೆಗೆದಳು.
ಇಪ್ಪತ್ತಾರು ವರ್ಷ, ಉಸುಕೆಂದರೆ ಸುಡುವುದು
ಎಂದಷ್ಟೇ ಕಲಿತ ಮೈ.
ಮತ್ತೆ ಇಟ್ಟಳು. ಮೆಲ್ಲಗೆ.
"ಅಯ್ಯ, ಇದು ಸತ್ತೈತೇನೇ?" ಅಂದಳು.
ಯಾರೂ ನಗಲಿಲ್ಲ.
ಮೊಳಕಾಲೂರಿ, ಸುಟ್ಟ ಕಲೆಗಳ ಎರಡೂ ಅಂಗೈ
ಅದರೊಳಗೆ ಹೂತು ಕೂತಳು ಬಹಳ ಹೊತ್ತು,
ನೆನೆಹಾಕಿದ ಭತ್ತದ ಹಾಗೆ.

ಸೂರ್ಯ ಬಂದದ್ದು ನಮ್ಮ ಬೆನ್ನ ಹಿಂದಿನಿಂದ,
ನಮ್ಮೂರ ಕಡೆಯಿಂದಲೇ, ಹುಡುಕಿಕೊಂಡು ಬಂದವನಂತೆ.

ಅಲೆ ಹಿಂದೆ ಸರಿಯುವಾಗ ಒಂದು ಸದ್ದಿದೆ,
ಜರಡಿಯಿಂದ ಉಸುಕು ಸೋರುವ ಸದ್ದು.
ಇಷ್ಟು ದೂರ ಬಂದು ಇದನ್ನೇ ಕೇಳಬೇಕೇ
ಎಂದು ನನಗೆ ಸಿಟ್ಟು ಬಂತು,
ಆದರೂ ಕೇಳುತ್ತಲೇ ಇದ್ದೆ.
ಸಾಕಮ್ಮ ಬೆರಳದ್ದಿ ನೆಕ್ಕಿ "ಉಪ್ಪು ಜಾಸ್ತಿ" ಅಂದಳು.
ಅಕ್ಕಿಗೆ ಉಪ್ಪುನೀರು ಹದ ಮಾಡುವವಳು ಅವಳೇ,
ಸಮುದ್ರವೂ ಎದುರಾಡಲಿಲ್ಲ.

ಬುತ್ತಿ ಬಿಚ್ಚಿದರೆ ಮಂಡಕ್ಕಿ ಆಗಲೇ ಮೆತ್ತಗೆ,
ಗಾಳಿ ಮೊದಲು ತಿಂದು ನಮಗೆ ಎಂಜಲು ಉಳಿಸಿತ್ತು.
ಪಾಪ, ಈ ಊರಿನವರು
ನಮ್ಮ ಮಾಲನ್ನು ಒಂದು ಸಲವಾದರೂ
ಗರಿಗರಿಯಾಗಿ ತಿಂದಿದ್ದಾರೋ ಇಲ್ಲವೋ.

ವಾಪಸು ಬರುವಾಗ ಸೋಮ್ಲಿ ಒಣಮೀನು ಕೊಂಡಳು, ಎರಡು ಕಿಲೋ.
ಸಾಕಮ್ಮ ಒಂದು ಕೈಲಿ ಲಿಂಗ, ಒಂದು ಕೈಲಿ ಮೂಗು ಹಿಡಿದು
ಹಾನಗಲ್ಲಿನವರೆಗೆ ಉಸಿರೆತ್ತಲಿಲ್ಲ.
ಅಲ್ಲಿ ಚಹಾ ಕೊಡಿಸಿದ ಮೇಲೆ
ಆ ಮೀನಿನ ರೇಟು ಕೇಳಿದಳು.

ಬಾಣಲಿ ಕಾದಿತು.
ಚಮನ್‌ಬೀ ಸೊಂಟದ ಸಂಚಿ ಬಿಚ್ಚಿದಳು.
ಎಲೆಯಡಿಕೆಯಲ್ಲ, ಒಂದು ಮುಷ್ಟಿ ಬಿಳಿ ಉಸುಕು.
ಹೊಟ್ಟಿನ ಬೆಂಕಿಯ ಬೆಳಕಿಗೆ ಮಿರಮಿರ ಮಿಂಚಿತು.
ಮನೆಗೆ ಒಯ್ದು ಗೂಡಿನಲ್ಲಿಡುತ್ತಾಳೆ ಅಂದುಕೊಂಡೆ,
ಅವಳು ನೇರ ಬಾಣಲಿಗೆ ಸುರಿದಳು.
"ಭಾಳ ಆರಾಮಿತ್ತದು. ಇದೂ ಒಂದೀಟು ದುಡೀಲಿ."
ಟಪ್ ಎಂದು ಒಡೆದದ್ದು ಚಿಪ್ಪಿನ ಚೂರಿರಬೇಕು.
ಅಕ್ಕಿ ಹಾಕಿದೆ. ಅರಳಿತು, ಎಂದಿನಂತೆ.

ಸಂಜೆ ಯಾರೋ, ಮಂಡಿಪೇಟೆಯ ಮೂಲೆಯಲ್ಲಿ,
ಮಿರ್ಚಿ ಕಚ್ಚಿ ಖಾರಾ ಮಂಡಕ್ಕಿ ಮುಕ್ಕುತ್ತ
ಹಲ್ಲಿಗೆ ಸಿಕ್ಕ ಒಂದು ಕಣವನ್ನು
ಥೂ ಎಂದು ಉಗುಳಿ
ಅಂಗಡಿಯವನಿಗೆ ಬೈಯುತ್ತಾರೆ.