ಆಟಕ್ಕಿಲ್ಲ, ಲೆಕ್ಕಕ್ಕುಂಟು

ಕ್ಲಾಕ್ಸ್‌ವೀಕ್ ಬಂದರಿನ ಕಚೇರಿಯಲ್ಲಿ ಮಾರ್ಯುನ್
ಮೂರು ಪಟ್ಟಿಗಳಿಗೆ ಗಂಟು ಹಾಕಿದಳು:
ದೋಣಿ, ಆಳು, ಇಳಿಸಿದ ಮೀನು.
ಯಾವ ದೋಣಿಗೆ ಎಷ್ಟು ಜನ? ಇಷ್ಟೇ ಪ್ರಶ್ನೆ.

ಹೆರ್ಗೈರನ ದೋಣಿಗೆ ಹನ್ನೆರಡು, ಎಂದಿತು ಪರದೆ.
ಇರುವವರು ಮೂವರು; ಮೀನು ಇಳಿಸಿದ್ದು ನಾಲ್ಕು ಸಲ.
ಸಲಕ್ಕೊಮ್ಮೆ ಮೂವರೂ ಹೊಸದಾಗಿ ಹುಟ್ಟಿದ್ದಾರೆ.
"ಹನ್ನೆರಡು ಸಂಬಳ ಕೊಡಿಸು ಹಾಗಾದರೆ,"
ಬಾಗಿಲಲ್ಲೇ ನಿಂತು ಒದ್ದೆ ಕೈಗವಸು ಹಿಂಡುತ್ತ ಅವನು.

ಮೀನಿನ ಗಂಟು ಬಿಚ್ಚಿದಳು. ಮೂರಾಯಿತು.
ಆದರೆ ಕಟ್ಟೆಯ ತುದಿಯ ಟೆರ್ನಾನ್ ದೋಣಿ
ಪಟ್ಟಿಯಲ್ಲೇ ಇಲ್ಲ.
ಆಳಿಲ್ಲದ್ದು, ಜೋಡಿ ಸಿಗದೆ
ಎರಡು ಪಟ್ಟಿಗಳ ನಡುವೆ ಜಾರಿತ್ತು.

ಜೊತೆ ಸಿಗಲಿ ಬಿಡಲಿ, ಎಡಗಡೆಯ ಯಾರನ್ನೂ
ಬಿಡಬೇಡ ಎಂದಳು.
ಬಂತು. ಟೆರ್ನಾನ್: ಒಬ್ಬ.

ಯಾರವನು?
ಹೆಸರಿಲ್ಲ, ಊರಿಲ್ಲ, ಹುಟ್ಟಿದ ದಿನವಿಲ್ಲ.
ಬರೀ ಖಾಲಿ ಸಾಲು,
ತಾನೂ ಒಂದು ಸಾಲೇ ಎಂದು
ಲೆಕ್ಕಕ್ಕೆ ಬಂದು ಕೂತಿದೆ.

ಹೆರ್ಗೈರ್ ಬಗ್ಗಿ ನೋಡಿದ. ನಗಲಿಲ್ಲ.
ಆ ದೋಣಿಗೆ ಬಣ್ಣ ಬಳಿಯುತ್ತಿದ್ದವನು ಅವನ ಅಣ್ಣ.

ಸಾಲನ್ನಲ್ಲ, ಹೆಸರನ್ನು ಎಣಿಸು,
ಮಾರ್ಯುನ್ ತಿದ್ದಿದಳು, ಮೆಲ್ಲಗೆ, ಒಂದೇ ಬೆರಳಲ್ಲಿ.
ಟೆರ್ನಾನ್: ೦.

"ಈಗ ಸರಿ," ಎಂದ ಅವನು
ಗವಸು ಮತ್ತೆ ತೊಡುತ್ತ.
"ರಾತ್ರಿ ಮಳೆ ಜೋರಿತ್ತು.
ಹೋಗಿ ಅದರ ನೀರು ಮೊಗೆದು ಬರುತ್ತೇನೆ."