ಸೊನ್ನೆ ಎಲ್ಲಿ ಬರೀಲಿ

ಟೊಲೀಡೊ ಊರಿನ ಗಾಜಿನ ಕಾರ್ಖಾನೆ. ಪೇರೋಲ್ ಕಿಟಕಿಯಾಚೆ
ಡೆಲ್ಬರ್ಟ್, ಕೈಗವಸು ಕಳಚಿ, ಹೊಸ ಫಾರಂ ತಿರುವಿ ಹಾಕಿದ:
'ಸೊನ್ನೆ ಎಲ್ಲಿ ಬರೀಲಿ?'

ಇಪ್ಪತ್ತಾರು ವರ್ಷ ಅದೊಂದೇ ಬರೆದವನು.
ಹೆಂಡತಿ, ಇಬ್ಬರು ಮಕ್ಕಳು, ಯಾರನ್ನೂ ಎಣಿಸದೆ
ದುಂಡಗೆ ಒಂದು ಸೊನ್ನೆ.
ಈ ಸಲ 'ಒಂಟಿ'ಯ ಚೌಕಕ್ಕೆ ಆಗಲೇ ಗುರುತು ಬಿದ್ದಿತ್ತು.
ಕೇಳಲಿಲ್ಲ ನಾನು.

ಈಗ ತಲೆ ಎಣಿಸುವುದಿಲ್ಲ, ಎಂದೆ, ಡಾಲರಲ್ಲೇ ಕೇಳುತ್ತಾರೆ.
ಹೆಚ್ಚು ಮುರಿಸಿಕೊಂಡರೆ ಅದು ನೀನು ಸರ್ಕಾರಕ್ಕೆ ಕೊಟ್ಟ ಕೈಸಾಲ,
ಬಿಡಿಗಾಸು ಬಡ್ಡಿ ಹುಟ್ಟದು.

'ಬಡ್ಡಿ ಯಾರಿಗೆ ಬೇಕು?
ನನ್ನ ಕೈಗೆ ಸಿಗದಂತೆ ಇಟ್ಟರೆ ಸಾಕು.'
ಆ ಕೈ ನೋಡಿದೆ. ಹೆಬ್ಬೆರಳಲ್ಲಿ ಗಾಜು ಕೊಯ್ದ ಹಳೆ ಗೆರೆ.
ಜೇಬಿನಿಂದ ಇಣುಕುವ ಲಾಟರಿ ಚೀಟಿ.

ನಾನೇನು ಕಡಿಮೆ?
ಎರಡು ಸಂಬಳದ ಮನೆ ನಮ್ಮದು. ಊರಿಗೆಲ್ಲ ಬುದ್ಧಿ ಹೇಳುವವಳು
ನನ್ನದರಲ್ಲೇ ಆ ಪುಟ್ಟ ಚೌಕ ಮರೆತು
ಏಪ್ರಿಲ್‌ನಲ್ಲಿ ಸಾವಿರದ ನೂರು ತೆತ್ತೆ,
ಗಂಡನ ಮುಖ ನೋಡದೆ.

ನಾಲ್ಕನೇ ಹಂತದ ಕೊನೆಯ ಗೆರೆ ತೋರಿಸಿದೆ.
ಪ್ರತಿ ಸಂಬಳಕ್ಕೆ ನಲವತ್ತು, ಎಂದು ತುಂಬಿದ.
ನಾಲ್ಕರ ಪಕ್ಕದ ಸೊನ್ನೆಯನ್ನು
ಮತ್ತೊಮ್ಮೆ ತಿದ್ದಿದ, ಒತ್ತಿ,
ಹಳೆಯ ಪರಿಚಯಕ್ಕೆ.