ಕಂಡರೆ

ಯಶವಂತಪುರದಲ್ಲಿ ಪಾತ್ರೆ ಅಂಗಡಿಯ ಮೇಲಿನ ಕೋಣೆ.
ಭಾನುವಾರ ಮಧ್ಯಾಹ್ನ ಮೂರು ಗಂಟೆ.
ಕೆಳಗೆ ಯಾರೋ ಕೊಡಪಾನ ತಟ್ಟಿ ನೋಡುತ್ತಾರೆ,
ಮೇಲೆ ಜೆಸಿಂತಾ ಮಿಸ್ಸು ನಮ್ಮನ್ನ.

ಇವತ್ತಿನ ಪಾಠ, ಭಯ.
ಬೋರ್ಡಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬರೆದರು:
ಅಫ್ರೇಡ್, ಅದರ ಮೇಲೆ ಸ್ಕೇರ್ಡ್,
ಎಲ್ಲಕ್ಕಿಂತ ಮೇಲೆ ಟೆರಿಫೈಡ್.
ಹತ್ತಿದಷ್ಟೂ ಜಾಸ್ತಿ.
ನಾನು ನೋಟ್‌ಬುಕ್ಕಿನ ಅಂಚಿಗೆ ನಮ್ಮವನ್ನು ಬರೆದುಕೊಂಡೆ,
ಅಳುಕು, ಅಂಜಿಕೆ, ದಿಗಿಲು, ಗಾಬರಿ.
ಯಾವುದನ್ನು ಯಾವ ಮೆಟ್ಟಿಲಲ್ಲಿ ಕೂರಿಸಲಿ?
ಅವ್ವ ಹೇಳುತ್ತಿದ್ದ 'ಎದೆ ಧಸಕ್ ಅಂತು'
ಮೆಟ್ಟಿಲೇ ಅಲ್ಲ,
ಮೆಟ್ಟಿಲು ಜಾರಿದ ಸದ್ದು.

'ಐ ಆಮ್ ಅಫ್ರೇಡ್, ಹೇಳಿ ಹೊನ್ನಗಂಗಮ್ಮ.'
ಐ ಆಮ್, ಅಂದೆ. ಅಲ್ಲೇ ನಿಂತೆ.
ನಲವತ್ತೊಂದು ವರ್ಷ ಭಯ ನನಗೆ ಆಗಿದೆ,
ಹಸಿವಾದ ಹಾಗೆ, ನೆಗಡಿಯಾದ ಹಾಗೆ.
ಬಂದಿದೆ, ಜಗಲಿಯಲ್ಲಿ ಕೂತಿದೆ,
ಒಂದು ಲೋಟ ನೀರು ಕುಡಿದು ಎದ್ದು ಹೋಗಿದೆ.
ನಾನೇ ಅದು ಅಂತ
ಹತ್ತು ಜನರ ಎದುರು ನಿಂತು ಹೇಳಿದ್ದಿಲ್ಲ.

ಎಟಿಎಂ ಕಾಯುವ ಚೌಡಪ್ಪ ಕೈಯೆತ್ತಿ,
'ಐ ಆಮ್ ಫ್ರೈಟನಿಂಗ್' ಅಂದ.
ಮಿಸ್ಸು ನಕ್ಕರು: ಹಾಗಂದರೆ
ಬೇರೆಯವರು ನಿಮಗೆ ಹೆದರುತ್ತಾರೆ ಅಂತ ಆಯ್ತು,
ಇಂಗ್ ಬೇಡ, ಎಡ್ ಹಾಕಿ.
ಅವನು ಇಂಗು ತಿಂದ ಮಂಗನ ಹಾಗೆ ತಲೆ ಕೆರೆದುಕೊಂಡ.
'ಲಾಠಿ ಹಿಡಿದಾಗ ಇಂಗೇ ಮಿಸ್.
ಎರಡು ಗಂಟೆ ರಾತ್ರಿಗೆ ಮೂರು ಜನ ಹೆಲ್ಮೆಟ್ ತೆಗೀದೆ ಬಂದ್ರೆ
ಆವಾಗ ಎಡ್ಡು.'

ಅಫ್ರೇಡ್ ಆದಮೇಲೆ ಆಫ್ ಬರಬೇಕು,
ಆಫ್ ಡಾಗ್ಸ್, ಆಫ್ ದಿ ಡಾರ್ಕ್.
ನಾವು ಹೇಳೋದು, ನಾಯಿ ಕಂಡರೆ ಭಯ.
ಕತ್ತಲೆ ಕಂಡರೆ, ಅತ್ತೆ ಕಂಡರೆ, ಬಾಡಿಗೆಯ ಒಂದನೇ ತಾರೀಖು ಕಂಡರೆ.
ಕಂಡರೆ ತಾನೆ!
ಇಂಗ್ಲಿಷಿನಲ್ಲಿ ನಾಯಿ ಬೀದಿಯಲ್ಲೇ ಇರಬೇಕಿಲ್ಲ.
ಕೇಳೋಣ ಅಂದುಕೊಂಡೆ. ಮುಬೀನಾ ಆಗಲೇ
ಅಫ್ರೇಡ್ ಆಫ್ ಸೂಪರ್‌ವೈಸರ್ ಅಂದು ಶಭಾಷ್ ಅನ್ನಿಸಿಕೊಂಡಿದ್ದಳು.

ಕೊನೆಯ ಹತ್ತು ನಿಮಿಷ ನನಗೋಸ್ಕರ.
ಹದಿನಾಲ್ಕು ವರ್ಷ ಆಸ್ಪತ್ರೆಯ ನೆಲ ಒರೆಸಿದವಳಿಗೆ
ಇಂಗ್ಲಿಷ್ ಬಂದರೆ ಕೌಂಟರಿನ ಕುರ್ಚಿ.
'ಐ ಆಮ್ ಅಫ್ರೇಡ್ ಸರ್, ಬೆಡ್ ಇಸ್ ನಾಟ್ ಅವೈಲಬಲ್.'
ಇದರಲ್ಲಿ ಭಯ ಇಲ್ಲ, ಅಂದರು ಮಿಸ್ಸು,
ಇದು ಮರ್ಯಾದೆ.
ಮನೆಗೆ ಹೋಗುವ ಬಸ್ಸಿನಲ್ಲಿ ನಲವತ್ತು ಸಲ ಹೇಳಿಕೊಂಡೆ,
ಭಯ ತೆಗೆದು, ಬರೀ ಮರ್ಯಾದೆ ಹಾಕಿ.

ಕುರ್ಚಿ ಸಿಕ್ಕ ಒಂಬತ್ತನೇ ರಾತ್ರಿ ಅವನು ಬಂದ.
ಚಪ್ಪಲಿಗೆ ಸಿಮೆಂಟು. ಒಡಿಶಾವೋ ಜಾರ್ಖಂಡೋ.
ಹೊರಗೆ ಆಟೋದಲ್ಲಿ ಹೆಂಡತಿ, ತುಂಬಿದ ಬಸುರಿ.
ನನ್ನ ಹಿಂದಿ ಅವನಿಗೆ ಸಾಲದು, ಕನ್ನಡ ಅವನಿಗಿಲ್ಲ.
ಹೇಳಿದೆ, ಒಂದೇ ಉಸಿರಿನಲ್ಲಿ, ಒಂದೂ ತಪ್ಪಿಲ್ಲದೆ.
ಮಿಸ್ಸು ಕೇಳಿದ್ದರೆ ಟಿಕ್ ಹಾಕುತ್ತಿದ್ದರು.
ಅವನಿಗೆ ಹಿಡಿದದ್ದು ನಡುವಿನ ಒಂದು ಮಾತು.
ಗಾಜಿನ ತೂತಿಗೆ ಮುಖ ತಂದು
'ಯು ಆಲ್ಸೋ?' ಅಂದ.
ಮತ್ತೆ, ಮೆಲ್ಲಗೆ, 'ಮಿ ಅಫ್ರೇಡ್.'

ಆಮ್ ಇಲ್ಲ. ಆಫ್ ಇಲ್ಲ.
ತಿದ್ದಲಿಲ್ಲ ನಾನು.
ಬೆಡ್ ಇಲ್ಲದ್ದು ನಿಜ. ಆದರೆ ಮಾಪ್ ಹಿಡಿದವರಿಗೆ ಗೊತ್ತು,
ಮೂರನೇ ಮಹಡಿಯ ಲಿನನ್ ರೂಮಿನ ಹಿಂದೆ
ಒಂದು ಚಕ್ರ ಕೆಟ್ಟ ಸ್ಟ್ರೆಚರ್ ಇರುತ್ತದೆ,
ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ಕುರ್ಚಿ ಬಿಟ್ಟು ಎದ್ದೆ.
ಅವಳನ್ನು ಮಲಗಿಸಿ ಇಬ್ಬರೂ ತಳ್ಳಿದೆವು,
ಅದು ಎಡಕ್ಕೇ ಎಳೆಯುತ್ತಿತ್ತು.
ಲಿಫ್ಟು ಇಳಿದು ಬರುವ ತನಕ
ಮಾತಿಲ್ಲ,
ಮೂವರಿಗೂ ಆಗುತ್ತಲೇ ಇತ್ತು.